ಮನಸ್ಸಿನ ನೋವಿಗೆ ಕಿವಿಗೊಡೋಣ



ಮಗುವಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತೇವೆ. ಮನಸ್ಸಿಗೆ ನೋವಾದರೆ ಹೇಗೆ ತಿಳಿಯುವುದು? ಅದನ್ನೂ ಕಲಿಯಬಹುದು. ಅದಕ್ಕೆ ದೊಡ್ಡ ಓದು ಬೇಕಿಲ್ಲ.

13ರಿಂದ 19 ವರ್ಷ ಹರೆಯದ ವಯಸ್ಸು. ಮೈ ಬದಲಾಗುತ್ತದೆ. ಮನಸ್ಸೂ ಬದಲಾಗುತ್ತದೆ. ಒಂದು ದಿನ ಸಿಟ್ಟು, ಒಂದು ದಿನ ಅಳು. ಇದು ಸಹಜ. ಆದರೆ ಎರಡು ವಾರವಾದರೂ ಮಂಕು ಕಳೆಯದಿದ್ದರೆ ಸುಮ್ಮನಿರಬಾರದು.

ಗಮನಿಸಿ

ಊಟ ಸೇರುತ್ತಿಲ್ಲವೇ? ನಿದ್ದೆ ಬರುತ್ತಿಲ್ಲವೇ? ಗೆಳತಿಯರಿಂದ ದೂರ ಇರುತ್ತಾಳೆಯೇ? ಶಾಲೆಗೆ ಒಲ್ಲೆ ಅನ್ನುತ್ತಾಳೆಯೇ? ಗಂಡು ಮಕ್ಕಳನ್ನೂ ಹೀಗೇ ಗಮನಿಸಿ.

ವಿಚಾರಿಸಿ

ಎಲ್ಲರ ಮುಂದೆ ಕೇಳಬೇಡಿ. ತಲೆ ಬಾಚುವಾಗಲೋ, ಹೊಲಕ್ಕೆ ಹೋಗುವಾಗಲೋ ಮೆಲ್ಲಗೆ ಕೇಳಿ. "ಯಾಕವ್ವ, ಸಪ್ಪಗಿದ್ದೀಯ? ನನ್ನ ಹತ್ರ ಹೇಳು" ಅನ್ನಿ. ಇವತ್ತು ಹೇಳದಿದ್ದರೆ ನಾಳೆ ಮತ್ತೆ ಕೇಳಿ.

ಕಿವಿಗೊಡಿ

ಮಗು ಹೇಳುವಾಗ ನಡುವೆ ಬಾಯಿ ಹಾಕಬೇಡಿ. "ನಾಟಕ ಆಡ್ತೀಯಾ?" ಅನ್ನಬೇಡಿ. "ಪಕ್ಕದ್ಮನೆ ಹುಡುಗೀನ ನೋಡಿ ಕಲಿ" ಅನ್ನಬೇಡಿ. ಹುಡುಗ ಅತ್ತರೆ "ಗಂಡಸಾಗಿ ಅಳ್ತೀಯಾ?" ಅನ್ನಬೇಡಿ. "ನಿನಗೆ ಕಷ್ಟ ಆಗಿದೆ. ನಾನಿದ್ದೀನಿ" ಅನ್ನಿ. ಈ ಮಾತೇ ದೊಡ್ಡ ಬಲ.

ಮಗು "ಬದುಕೋದೇ ಬೇಡ" ಎಂದರೆ ಬೈಯಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ಕೇಳಿದರೆ ಮನಸ್ಸು ಹಗುರಾಗುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಬೀಗ ಹಾಕಿಡಿ. ಅಂದೇ ಆಸ್ಪತ್ರೆಗೆ ಹೊರಡಿ.

ಕರೆದೊಯ್ಯಿರಿ

ಗಾಳಿ ಸೋಕಿದೆ ಎಂದು ದಿನ ಕಳೆಯಬೇಡಿ. ಹುಚ್ಚು ಎಂದು ಹೆಸರಿಡಬೇಡಿ. ಇದಕ್ಕೆ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರನ್ನು ಕಾಣಿ. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಫೋನಿನಲ್ಲೂ ಸಹಾಯ ಸಿಗುತ್ತದೆ. 2022ರಲ್ಲಿ ಸರ್ಕಾರ 'ಟೆಲಿ ಮಾನಸ್' ಶುರು ಮಾಡಿತು. ಅದರ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ತಾಯಿಯೂ ಮಾಡಬಹುದು, ಮಗಳೂ ಮಾಡಬಹುದು.

ಸಂಘದಲ್ಲಿ ಕಲಿಯೋಣ

ಮುಂದಿನ ಸಭೆಯಲ್ಲಿ ಇಬ್ಬಿಬ್ಬರಾಗಿ ಕೂತುಕೊಳ್ಳಿ. ಒಬ್ಬರು ತಾಯಿ ಆಗಿ. ಇನ್ನೊಬ್ಬರು ಮಗಳಾಗಿ. ಮಗಳು ತನ್ನ ಕಷ್ಟ ಹೇಳಲಿ. ತಾಯಿ ಕಿವಿಗೊಡಲಿ. ಆಮೇಲೆ ಮಗಳಾದವರು ಹೇಳಲಿ: ಯಾವ ಮಾತು ಹಿತವಾಯಿತು? ಯಾವ ಮಾತು ಚುಚ್ಚಿತು? ಹೀಗೆ ನಾಲ್ಕು ಸಲ ಮಾಡಿದರೆ ಮನೆಯಲ್ಲಿ ಮಾತಾಡಲು ಧೈರ್ಯ ಬರುತ್ತದೆ.

ಬರೆಯಿರಿ

14416. ಈ ನಂಬರನ್ನು ನಿಮ್ಮ ಕೈಯಾರೆ ಬರೆದು ಗೋಡೆಗೆ ಅಂಟಿಸಿ. ನೆರೆಮನೆಯ ಅಕ್ಕನಿಗೂ ಬರೆದುಕೊಡಿ.