ಮೇನ್ ರೋಡ್ ಸೈಟು ಅಂತ ಮರುಳಾಗುವ ಮುನ್ನ…

“ಅಕ್ಕಾವ್ರೇ, ಹೈವೇ ಪಕ್ಕದ ಸೈಟು. ಇವತ್ತು ಬಿಟ್ರೆ ನಾಳೆ ಸಿಗೋದಿಲ್ಲ!”

ಬಳ್ಳಾರಿಯಿಂದ ಬೆಂಗಳೂರು ರಸ್ತೆ ಹಿಡಿದು ಹಲಕುಂದಿ ಕಡೆ ಸೈಟು ನೋಡಲು ಹೋದವರಿಗೆ ಈ ಮಾತು ಹೊಸದೇನಲ್ಲ. ಯಜಮಾನರು ‘ಹೂಂ’ ಅಂದುಬಿಡುತ್ತಾರೆ. ಬಳೆ ಬಿಚ್ಚಿಕೊಡುವವರು ಮಾತ್ರ ನಾವು! ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ಒಂದು ಪ್ರಶ್ನೆ ಕೇಳಿಬಿಡಿ: ಈ ರಸ್ತೆ ಎಲ್ಲಿಗೆ ಮುಗಿಯುತ್ತದೆ?

ಕಣ್ಣಿಗೆ ಕಾಣುವ ಡಾಂಬರು ಅಷ್ಟೇ ರಸ್ತೆಯಲ್ಲ. ಅದರ ಎರಡೂ ಬದಿಯಲ್ಲಿ ಚರಂಡಿ, ಪೈಪು, ಮುಂದಿನ ಅಗಲೀಕರಣಕ್ಕೆಂದು ಬಿಟ್ಟ ಜಾಗವೂ ರಸ್ತೆಯದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1980ರ ಮಾನದಂಡದ ಪ್ರಕಾರ ಬಯಲು ಸೀಮೆಯ ರಾಷ್ಟ್ರೀಯ ಹೆದ್ದಾರಿಗೆ ಸಾಮಾನ್ಯವಾಗಿ 45 ಮೀಟರ್ ಅಗಲದ ಜಾಗ ಬೇಕು. ಅದೂ ಸಾಲದು. ರಸ್ತೆಯ ನಡುಗೆರೆಯಿಂದ 40 ಮೀಟರ್‌ವರೆಗೆ ಕಟ್ಟಡ ಕಟ್ಟುವಂತಿಲ್ಲ, 75 ಮೀಟರ್‌ವರೆಗೆ ಕಟ್ಟುವುದಕ್ಕೂ ನಿಯಂತ್ರಣ ಉಂಟು. ಹಲಕುಂದಿ ಮೇಲೆ ಹೋಗುವುದು ಜೇವರ್ಗಿ–ಚಾಮರಾಜನಗರದ 150ಎ ರಾಷ್ಟ್ರೀಯ ಹೆದ್ದಾರಿ, ನೆನಪಿರಲಿ.

40 ಮೀಟರ್ ಎಂದರೆ ಸುಮಾರು 131 ಅಡಿ. ರಸ್ತೆ ನಡುವಿನಿಂದ ಲೆಕ್ಕ ಹಾಕಿದರೆ 40 ಅಡಿ ಉದ್ದದ ಮೂರು ಸೈಟು ಒಂದರ ಹಿಂದೊಂದು ಇಟ್ಟರೂ ಅಷ್ಟು ದೂರ ಆಗುವುದಿಲ್ಲ! ಊರೊಳಗೆ, ನಗರದೊಳಗೆ ಮಹಾಯೋಜನೆಯ ಅಳತೆಯೇ ಬೇರೆ. ಹಾಗಾಗಿ ದಲ್ಲಾಳಿ ಬಾಯಿಮಾತು ನಂಬದೆ, ಭೂಪರಿವರ್ತನೆ ಆದೇಶ, ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಸರ್ವೆ ಸ್ಕೆಚ್ಚು ಮೂರನ್ನೂ ಕೇಳಿ. ಸ್ಕೆಚ್ಚಿನಲ್ಲಿ ನಡುಗೆರೆಯಿಂದ ಸೈಟಿಗೆ ಎಷ್ಟು ದೂರ ಎಂದು ಬರೆಸಿ. ರಸ್ತೆ ಒಂದೇ ಬದಿಗೆ ಅಗಲವಾದರೆ ಈಗಿನ ನಡುಗೆರೆಯೇ ಸರಿದುಬಿಡುತ್ತದೆ, ಅದನ್ನೂ ವಿಚಾರಿಸಿ.

ಈಗಾಗಲೇ ಮನೆ ಇದ್ದವರು? ಹೆದ್ದಾರಿಗೆ ಜಾಗ ಬೇಕಾದಾಗ ಪ್ರಕಟಣೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲೊಂದು ಪ್ರಾದೇಶಿಕ ಭಾಷೆಯದು. ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಬರೆದು ಕೊಡಬಹುದು. ನಾವೋ, ಧಾರಾವಾಹಿ ಸುದ್ದಿ ಓದಿ ಆ ಪುಟದ ಮೇಲೆ ಕರಿಬೇವು ಒಣಗಿ ಹಾಕಿರುತ್ತೇವೆ!

ಇನ್ನು ಫುಟ್‌ಪಾತ್ ವಿಷಯ. ಅಡೆತಡೆ ಇಲ್ಲದ 1.8 ಮೀಟರ್, ಅಂದರೆ ಆರಡಿ ಅಗಲ ಬೇಕೆಂದು 2012ರ ಮಾನದಂಡ ಹೇಳುತ್ತದೆ. ಅಂಗಡಿ ಬೀದಿಯಲ್ಲಿ 2.5 ಮೀಟರ್. ಎತ್ತರ 15 ಸೆಂಟಿಮೀಟರ್ ಮೀರಬಾರದು. ಮೀರಿದರೆ ಮಂಡಿನೋವಿನ ಅತ್ತೆಯವರು ಹತ್ತುವುದಿಲ್ಲ, ರಸ್ತೆಗೇ ಇಳಿಯುತ್ತಾರೆ. ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಿಗೆ ಅಗಲವಾದ ಫುಟ್‌ಪಾತ್ ಮಾಡಿ, ಪೈಪು ಕೇಬಲ್‌ಗಳನ್ನು ಅದರ ಕೆಳಗೆ ಹಾಕಿದರು. ಪದೇಪದೇ ಡಾಂಬರು ಅಗೆಯುವ ಕಾಟ ತಪ್ಪಲಿ ಎಂಬ ಲೆಕ್ಕ.

ಆದರೆ ಫುಟ್‌ಪಾತ್ ನುಂಗುವವರಲ್ಲಿ ನಾವೂ ಇದ್ದೇವೆ ಎನ್ನಲು ಸಂಕೋಚ ಯಾಕೆ? ಸ್ಕೂಟಿ ಏರಿಸಲು ರಾಂಪು, ಗೇಟಿನಾಚೆ ಹೂಕುಂಡ, ಒಂದು ಕಟ್ಟೆ. ಸ್ಕೂಲ್ ಬ್ಯಾಗ್ ಹೊತ್ತ ಮಗು ಅದನ್ನು ಬಳಸಿಕೊಂಡು ಲಾರಿ ಓಡಾಡುವ ಕಡೆಗೇ ಇಳಿಯಬೇಕು. ರಾಂಪನ್ನು ಕಾಂಪೌಂಡಿನ ಒಳಗೇ ಮಾಡಿಸಿ. ಮೇಸ್ತ್ರಿ “ಎಲ್ರೂ ಹಂಗೇ ಮಾಡ್ತಾರಮ್ಮಾ” ಅಂದರೂ ಜಗ್ಗಬೇಡಿ.