ಹಬ್ಬದೂಟ: ನಮಗೂ ಅಳತೆ ಇರಲಿ, ಕೊಟ್ಟಿಗೆಗೂ ಇರಲಿ

ಗೌರಿ-ಗಣೇಶದಿಂದ ದೀಪಾವಳಿ ತನಕ ನಮ್ಮ ಜಾವಗಲ್ ಕಡೆ ಹಬ್ಬಕ್ಕೂ ಬಿಡುವಿಲ್ಲ, ಹೊಲಕ್ಕೂ ಬಿಡುವಿಲ್ಲ. ಒಂದು ಕಡೆ ರಾಗಿ ತೆನೆ ಹೊರಡುವ ಕಾಲ, ಇನ್ನೊಂದು ಕಡೆ ಕಡುಬು, ಹೋಳಿಗೆ, ಪಿತೃಪಕ್ಷದ ಬಾಡೂಟ, ಕಜ್ಜಾಯ. ತಿನ್ನಬೇಡಿ ಅಂತ ಹೇಳೋಕೆ ನಾನು ಡಾಕ್ಟರಲ್ಲ. ನಿಮ್ಮ ಹಾಗೇ ರಾಗಿ, ತೆಂಗು, ಎರಡು ಹಸು ನೋಡಿಕೊಂಡಿರುವವನು. ನಾನು ಹೇಳೋದು ಇಷ್ಟೇ: ಹಬ್ಬದ ದಿನ ಊಟ ಬದಲಾಗಲಿ, ಹೊತ್ತು ಮತ್ತು ಅಳತೆ ಬದಲಾಗಬಾರದು. ಈ ಮಾತು ಮನುಷ್ಯನಿಗೂ ಸಲ್ಲುತ್ತೆ, ಹಸುವಿಗೂ ಸಲ್ಲುತ್ತೆ.

ಮೊದಲು ಕೊಟ್ಟಿಗೆ

ನಮ್ಮ ಬೀದಿಯ ಒಂದು ಮನೆಯಲ್ಲಿ ಹಬ್ಬದೂಟ ಮುಗಿದ ಮೇಲೆ ಉಳಿದ ಅನ್ನ, ಪಾಯಸವನ್ನೆಲ್ಲ ಎಚ್‌ಎಫ್ ಹಸುವಿನ ಮುಂದೆ ಸುರಿದರು. ಅನ್ನ ಬಿಸಾಡಬಾರದು ಅನ್ನೋ ಒಳ್ಳೆ ಮನಸ್ಸು. ಮಾರನೇ ದಿನ ಬೆಳಿಗ್ಗೆ ಹಸು ಮೇವು ಮುಟ್ಟಲಿಲ್ಲ, ಮೆಲುಕು ನಿಂತಿತ್ತು, ಸಂಜೆಗೆ ಮಲಗಿತು. ಉಳಿಯಲಿಲ್ಲ.

ಯಾರೂ ವಿಷ ಹಾಕಿರಲಿಲ್ಲ. ಹಸುವಿನ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲು ಕರಗಿಸೋಕೆ ಹೊಂದಿಕೊಂಡಿರುತ್ತವೆ. ಅನ್ನ, ಹೋಳಿಗೆ, ಪಾಯಸ ಒಮ್ಮೆಲೇ ಬಿದ್ದರೆ ಬೇಗ ಹುಳಿತು ಆಮ್ಲ ತುಂಬಿಕೊಳ್ಳುತ್ತೆ. ಇದನ್ನೇ ಅಸಿಡೋಸಿಸ್ ಅನ್ನೋದು. ಹೊಟ್ಟೆ ಉಬ್ಬರ, ನೀರು ಸಗಣಿ, ತೂರಾಡುವ ನಡಿಗೆ ಇದರ ಲಕ್ಷಣ. ಕಡಿಮೆ ಪ್ರಮಾಣದಲ್ಲಿ ಆದರೂ ಡೈರಿಯಲ್ಲಿ ಫ್ಯಾಟ್ ಇಳಿಯುತ್ತೆ, ಅಂದರೆ ದುಡ್ಡು ಇಳಿಯುತ್ತೆ.

ಹಾಗಾಗಿ,

- ಗೋಪೂಜೆಗೆ, ಸಂಕ್ರಾಂತಿಗೆ ಶಾಸ್ತ್ರಕ್ಕೆ ಒಂದು ತುತ್ತು ಕೊಟ್ಟರೆ ಸಾಕು. ಉಳಿದ ಅನ್ನ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣು ಮುಚ್ಚಿ.
- ಊಟದ ಬಾಳೆ ಎಲೆ ಹಾಕುವಾಗ ಮೇಲಿನ ಅನ್ನ ಕೊಡವಿ ಹಾಕಿ. ಪ್ಲಾಸ್ಟಿಕ್ ಪದರ ಇರುವ ಪೇಪರ್ ಎಲೆ ದನಕ್ಕೆ ಸಿಗಲೇಬಾರದು.
- ಮೇವು, ಹಾಲು ಕರೆಯುವ ಹೊತ್ತು ಎಂದಿನಂತೆಯೇ ಇರಲಿ.
- ಹಸು ಅನ್ನ ಜಾಸ್ತಿ ತಿಂದದ್ದು ಗೊತ್ತಾದ ಕೂಡಲೇ 1962ಕ್ಕೆ ಫೋನ್ ಮಾಡಿ, ಲಕ್ಷಣ ಕಾಣಲಿ ಅಂತ ಕಾಯಬೇಡಿ. ಅಡುಗೆ ಸೋಡಾ ಎಷ್ಟು ಅನ್ನೋದನ್ನ ಪಶುವೈದ್ಯರೇ ಹೇಳಲಿ. ವಾಟ್ಸಾಪ್ ನೋಡಿಕೊಂಡು ಮಲಗಿದ ಹಸುವಿಗೆ ಬಲವಂತವಾಗಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಆಮೇಲೆ ನಮ್ಮ ತಟ್ಟೆ

ನಮ್ಮ ಅಜ್ಜಂದಿರು ಹೋಳಿಗೆ ತಿನ್ನುತ್ತಿದ್ದದ್ದು ವರ್ಷಕ್ಕೆ ನಾಲ್ಕೈದು ಸಲ. ಮಾರನೇ ದಿನ ನೇಗಿಲು ಹಿಡಿದರೆ ತಿಂದದ್ದು ಕರಗುತ್ತಿತ್ತು. ಈಗ ಉಳುಮೆ ಟ್ರ್ಯಾಕ್ಟರಿನದು, ಓಡಾಟ ಬೈಕಿನದು, ಬೇಕರಿ ಸ್ವೀಟ್ ದಿನಾ ಸಿಗುತ್ತೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇದು ಪಟ್ಟಣದವರ ಕಾಯಿಲೆ ಅನ್ನೋ ಕಾಲ ಹೋಯ್ತು.

ಲೆಕ್ಕ ಹಾಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೇರಿಸಿದ ಸಕ್ಕರೆಯ ಮಿತಿ 50 ಗ್ರಾಂ, 25ರೊಳಗೆ ಇದ್ದರೆ ಇನ್ನೂ ಒಳ್ಳೇದು. ಎರಡು ಚಮಚ ಸಕ್ಕರೆ ಹಾಕಿದ ಟೀ ಅಂದರೆ ಹೆಚ್ಚುಕಡಿಮೆ 10 ಗ್ರಾಂ. ನೆಂಟರ ಮನೆಯಲ್ಲಿ ನಾಲ್ಕು ಟೀ ಕುಡಿದರೆ 40 ಗ್ರಾಂ ಆಯ್ತು, ಹೋಳಿಗೆ ಇನ್ನೂ ಎಲೆಗೇ ಬಿದ್ದಿಲ್ಲ! "ಬೆಲ್ಲ ತಾನೇ, ಏನೂ ಆಗಲ್ಲ" ಅನ್ನೋದೂ ಸುಳ್ಳು. ಈ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ.

ನಮ್ಮ ಮನೆಯಲ್ಲಿ ಮಾಡಿಕೊಂಡಿರುವ ಪದ್ಧತಿ ಸರಳ. ಹಬ್ಬದ ದಿನ ಟೀಗೆ ಸಕ್ಕರೆ ಇಲ್ಲ. ಎಲೆಯಲ್ಲಿ ಮೊದಲು ಕೋಸಂಬರಿ, ಪಲ್ಯ ಮುಗಿಸಿ ಆಮೇಲೆ ಸಿಹಿಗೆ ಕೈ. ರಾತ್ರಿಗೆ ಮತ್ತೆ ಹಬ್ಬದೂಟ ಬಿಸಿ ಮಾಡಲ್ಲ. ಒಂದು ಚಿಕ್ಕ ರಾಗಿ ಮುದ್ದೆ, ಸೊಪ್ಪಿನ ಸಾರು ಅಥವಾ ಹುರುಳಿ ಸಾರು. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಒಳಗೆ. ಹಾಗಂತ ಮುದ್ದೆ ದೊಡ್ಡದು ಮಾಡಬೇಡಿ, ರಾಗಿಯಲ್ಲೂ ಪಿಷ್ಟ ಇದೆ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಅಪ್ಪ, ಅಮ್ಮ ಇದ್ದರೆ ಇನ್ನೊಂದು ಎಚ್ಚರ. ಪೂಜೆ ಮುಗಿಯೋದು ಮಧ್ಯಾಹ್ನ ಎರಡಾಗುತ್ತೆ, ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಅಲ್ಲಿ ತನಕ ಉಪವಾಸ ಇದ್ದರೆ ಸಕ್ಕರೆ ಅಂಶ ಕುಸಿಯಬಹುದು. ಬೆವರು, ಕೈ ನಡುಕ, ತಲೆಸುತ್ತು ಕಂಡರೆ, ಎಚ್ಚರ ಇದ್ದಾಗಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಉಪವಾಸ ಮಾಡಬೇಕೋ ಬೇಡವೋ ಅನ್ನೋದನ್ನ ಹಬ್ಬಕ್ಕೆ ಮುಂಚೆಯೇ ಡಾಕ್ಟರನ್ನ ಕೇಳಿ.

ಬಾಡೂಟದ ಜೊತೆ ಕುಡಿತ ಇದ್ದ ದಿನ ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್, ಔಷಧಿ ಸ್ಪ್ರೇಯರ್ ಮುಟ್ಟಬೇಡಿ. ತೆಂಗಿನ ಮರವನ್ನಂತೂ ಹತ್ತಲೇಬೇಡಿ.

ಈಗಲೇ ಮೊಬೈಲ್ ತೆಗೆದು ಮೂರು ಕೆಲಸ ಮಾಡಿ: 1962 ಸೇವ್ ಮಾಡಿ, ಹಾಲು ಕರೆಯುವ ಹೊತ್ತಿಗೆ ಅಲಾರಾಂ ಇಡಿ, ಅಪ್ಪ-ಅಮ್ಮನ ಮಾತ್ರೆ ಹೊತ್ತಿಗೆ ಇನ್ನೊಂದು ಇಡಿ. ಇಷ್ಟಾದ ಮೇಲೆ ಹೋಳಿಗೆಗೆ ತುಪ್ಪ ಹಾಕಿಕೊಂಡು ನೆಮ್ಮದಿಯಾಗಿ ತಿನ್ನಿ, ಒಂದೇ ಒಂದು.