ಶೇಕಡಾ 23ರ ಗುಟ್ಟು

ಸೆಕೆಂಡ್ ಹ್ಯಾಂಡ್ ಸೆಡಾನ್ ಕೊಂಡ ಯುವಕನ ಮನಸ್ಸು ಸೋತಿದ್ದೇ ಬಾನೆಟ್ ಒಳಗಿನ ಕೆಂಪು ಕೋನ್ ಫಿಲ್ಟರಿಗೆ. ಹಿಂದಿನ ಮಾಲೀಕ ಕಂಪನಿಯ ಕಪ್ಪು ಏರ್ ಫಿಲ್ಟರ್ ಡಬ್ಬವನ್ನು ಕಿತ್ತು, ಫಳಫಳಿಸುವ ಅಲ್ಯೂಮಿನಿಯಂ ಪೈಪು ಹಾಕಿಸಿದ್ದ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದು ರೇಸ್ ಗಾಡಿಯನ್ನು ನೆನಪಿಸುತ್ತಿತ್ತು. ಮೂರನೇ ದಿನಕ್ಕೆ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಪಿಕಪ್ ಕೊಟ್ಟಾಗೆಲ್ಲ ಗಾಡಿ ಜರ್ಕ್ ಹೊಡೆಯತೊಡಗಿತು.

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲೊಂದು ಗ್ಯಾರೇಜು. ಅಲ್ಲಿನ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿದ. ಪಿ0171 ಎಂದು ಬಂತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥ. ಕೊರತೆ ತುಂಬಲು ಎಂಜಿನ್ನಿನ ಕಂಪ್ಯೂಟರು ಲೆಕ್ಕಕ್ಕಿಂತ ಶೇಕಡಾ 23ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ ಎಂದುಕೊಂಡ ಮೆಕ್ಯಾನಿಕ್ ಒಂದೊಂದೇ ಹೋಸಿನ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಕಿವಿಗೊಟ್ಟು ನಿಂತ. ಲೀಕ್ ಇದ್ದರೆ ಎಂಜಿನ್ನಿನ ದನಿ ಬದಲಾಗಬೇಕಿತ್ತು. ಬದಲಾಗಲಿಲ್ಲ. ಪೆಟ್ರೋಲ್ ಪಂಪಿನ ಒತ್ತಡ ಅಳೆದ, ಸರಿಯಾಗಿತ್ತು. ಇಂಜೆಕ್ಟರ್ ತೊಳೆದ. ಹೊಸ ಆಕ್ಸಿಜನ್ ಸೆನ್ಸರ್ ಹಾಕಿದ. ದೀಪ ಆರಿಸಿ ಕಳಿಸಿದರೆ ಹೆಬ್ಬಾಳ ತಲುಪಿ ಬರುವಷ್ಟರಲ್ಲಿ ಮತ್ತೆ ಅದೇ ದೀಪ, ಅದೇ 23.

“ಸಾಕಣ್ಣಾ, ಯಾರಿಗಾದ್ರೂ ಮಾರಿಬಿಡ್ತೀನಿ” ಎಂದ ಯುವಕ.

“ಕಾಯಿಲೆ ಏನೂಂತ ಗೊತ್ತಾಗದೆ ಇನ್ನೊಬ್ಬರ ತಲೆಗೆ ಕಟ್ಟೋದು ಬೇಡ ಸಾರ್. ಗಾಡಿ ಇಲ್ಲೇ ಬಿಟ್ಟು ಹೋಗಿ.”

ಉಳಿದದ್ದು ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್. ಇಂಥ ಫಿಲ್ಟರಿನ ಹತ್ತಿಬಟ್ಟೆಗೆ ಎಣ್ಣೆ ಸವರಿರುತ್ತಾರೆ. ಅದು ಹೆಚ್ಚಾದರೆ ಗಾಳಿಯ ಜೊತೆ ಹಾರಿ ಬಂದು ಸೆನ್ಸರಿಗೆ ಅಂಟಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ನಿಜಕ್ಕೂ ತೆಳುವಾದ ಜಿಡ್ಡು! ಕಳ್ಳ ಸಿಕ್ಕಿಬಿದ್ದನೆಂಬ ಉತ್ಸಾಹದಲ್ಲಿ ಅದನ್ನು ತೊಳೆದು ಕೂರಿಸಿದ. 23 ಕದಲಲಿಲ್ಲ. ಸೆನ್ಸರೇ ಸತ್ತಿರಬೇಕೆಂದು, ಸರ್ವಿಸಿಗೆ ಬಂದಿದ್ದ ಅದೇ ಮಾಡೆಲ್ಲಿನ ಟ್ಯಾಕ್ಸಿಯ ಸೆನ್ಸರ್ ಕಿತ್ತು ಇದಕ್ಕೆ ಹಾಕಿದ. ಆಗಲೂ 23.

ಆಮೇಲೆ ನಡೆದದ್ದು ಬರೀ ಆಕಸ್ಮಿಕ. ಸಂಜೆಯ ಗಡಿಬಿಡಿಯಲ್ಲಿ ಗ್ಯಾರೇಜಿನ ಹುಡುಗ ಅನುಮಾನದ ಸೆನ್ಸರನ್ನೇ ಟ್ಯಾಕ್ಸಿಗೆ ಸಿಕ್ಕಿಸಿ ಕಳಿಸಿಬಿಟ್ಟಿದ್ದ. ಮಾರನೆಯ ದಿನ ವಿಷಯ ತಿಳಿದ ಮೆಕ್ಯಾನಿಕ್ ಗಾಬರಿಯಿಂದ ಡ್ರೈವರಿಗೆ ಫೋನ್ ಮಾಡಿ ಕರೆಸಿಕೊಂಡ. “ಗಾಡಿ ಬೆಣ್ಣೆ ಥರ ಓಡ್ತಿದೆಯಲ್ಲ, ಏನಾಯ್ತು?” ಎಂದ ಡ್ರೈವರ್. ಸ್ಕ್ಯಾನರ್ ಹಾಕಿ ನೋಡಿದರೆ ಪೆಟ್ರೋಲಿನ ತಿದ್ದುಪಡಿ ಬರೀ ಶೇಕಡಾ 2. ಸತ್ತಿದೆ ಎಂದುಕೊಂಡ ಸೆನ್ಸರ್ ಅಲ್ಲಿ ಚೊಕ್ಕವಾಗಿ ಕೆಲಸ ಮಾಡುತ್ತಿತ್ತು.

ಆಗ ಮೆಕ್ಯಾನಿಕ್‌ಗೆ ತಾನು ಕಂಡೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿ ಹೊಳೆಯಿತು. ಕಳ್ಳಗಾಳಿಯಾದರೆ ಐಡಲ್‌ನಲ್ಲಿ ತಿದ್ದುಪಡಿ ಹೆಚ್ಚಿದ್ದು, ಎಂಜಿನ್ ವೇಗ ಏರಿದಂತೆ ಇಳಿಯಬೇಕು. ಪಂಪು ಸೋತಿದ್ದರೆ ಭಾರ ಬಿದ್ದಾಗ ಏರಬೇಕು. ಇಲ್ಲಿ ಐಡಲ್‌ನಲ್ಲೂ 23, 3000 ಆರ್‌ಪಿಎಂನಲ್ಲೂ 23. ಅಂದರೆ ತಪ್ಪಿರುವುದು ಅಳತೆಯೇ, ಅದೂ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ. ಟ್ಯಾಕ್ಸಿಯ ಪೈಪು ಬಿಚ್ಚಿಸಿ, ಸೆನ್ಸರ್ ಕೂರುವ ಜಾಗದ ಒಳವ್ಯಾಸಕ್ಕೆ ವರ್ನಿಯರ್ ಹಿಡಿದ. 63 ಮಿಲಿಮೀಟರ್. ಅಲ್ಯೂಮಿನಿಯಂ ಪೈಪು 70. ಪೈಪಿನ ಬಾಯಿಯ ವಿಸ್ತೀರ್ಣ ಎಷ್ಟು ಪಟ್ಟಾಗಿದೆಯೆಂದು ತಿಳಿಯಲು ಹುಡುಗನ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 70ರ ವರ್ಗವನ್ನು 63ರ ವರ್ಗದಿಂದ ಭಾಗಿಸಿದರೆ 1.23 ಬಂತು.

ಕಾದ ತಂತಿಯನ್ನು ಗಾಳಿ ಎಷ್ಟು ತಣಿಸುತ್ತದೆ ಎಂಬುದರಿಂದ ಗಾಳಿಯ ವೇಗ ಕಂಡುಹಿಡಿಯುವ ಲೆಕ್ಕವನ್ನು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಲೂಯಿ ಕಿಂಗ್ 1914ರಲ್ಲೇ ಕೊಟ್ಟಿದ್ದ. ಕಾರಿನ ಸೆನ್ಸರಿನ ಮೂಲವೂ ಅದೇ. ಅದು ಪೈಪಿನ ಗಾಳಿಯನ್ನೆಲ್ಲ ಅಳೆಯುವುದಿಲ್ಲ. ತನ್ನ ಮೈಗೆ ತಾಗಿದಷ್ಟರಿಂದ ಒಟ್ಟು ಎಷ್ಟೆಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಆ ಲೆಕ್ಕ ಕಂಪನಿಯ ಪೈಪಿನ ಅಗಲಕ್ಕೆ ಕಟ್ಟಿದ್ದು. ನಾಲೆ ಅಗಲವಾದರೆ ನೀರು ನಿಧಾನವಾಗುವಂತೆ ಅಗಲದ ಪೈಪಿನಲ್ಲಿ ಗಾಳಿ ನಿಧಾನವಾಯಿತು. ಎಂಜಿನ್ನಿಗೆ ಹೋಗುವ ಗಾಳಿ ಅಷ್ಟೇ ಇದ್ದರೂ ಸೆನ್ಸರ್ ಕಡಿಮೆ ಎಂದು ಹೇಳಿತು, ಪೆಟ್ರೋಲೂ ಕಡಿಮೆ ಬಿತ್ತು.

ಶಿವಾಜಿನಗರದ ಗುಜರಿಯಲ್ಲಿ ಅದೇ ಮಾಡೆಲ್ಲಿನ ಹಳೇ ಫಿಲ್ಟರ್ ಡಬ್ಬ ಪೈಪಿನ ಸಮೇತ ಸಿಕ್ಕಿತು. ಅದನ್ನು ಕೂರಿಸಿ, ಕಂಪ್ಯೂಟರಿನ ಹಳೆಯ ತಿದ್ದುಪಡಿ ಅಳಿಸಿ, ಹೆಬ್ಬಾಳಕ್ಕೆ ಹೋಗಿ ಬಂದರೂ ದೀಪ ಹೊತ್ತಲಿಲ್ಲ.